ಸದ್ದಾಗದಂತೆ ನೆಲ ಮುಟ್ಟುವುದು

ಬಾಲ್ಬೆಕ್ ಬಯಲಿನ ಆ ಊರಿನಲ್ಲಿ ಬೇಕರಿ ನಾಯಿಫ್ ಅಂದರೆ ಜನಕ್ಕೆ ಅವನ ರೊಟ್ಟಿಗಿಂತ ಮೊದಲು ಅವನ ನೆಗೆತ ನೆನಪಾಗುತ್ತಿತ್ತು. ಮದುವೆಮನೆಯಲ್ಲಿ ಕೈ ಕೈ ಹಿಡಿದು ಸಾಲುಗಟ್ಟಿ ದಬ್ಕೆ ಕುಣಿಯುವಾಗ, ಸಾಲಿನ ತಲೆಯಲ್ಲಿ ಜಪಮಣಿ ಸರ ತಿರುಗಿಸುತ್ತಾ ಇರುತ್ತಿದ್ದವನು ಅವನೇ. ಡೋಲು ಏರಿದಾಗ ಮೇಲಕ್ಕೆ ನೆಗೆದು ಧಡ್ಡೆಂದು ನೆಲಕ್ಕೆ ಬಡಿದರೆ, ಆ ಬಡಿತ ಕೇಳಿಯೇ ಉಳಿದವರು ಎತ್ತಿದ ಕಾಲನ್ನು ಮುಂದಿಡಬೇಕು.

ಅದೆಲ್ಲ ಹಳೆಯ ಮಾತು ಬಿಡಿ. ಹೋದ ವರ್ಷ ತಂಗಿಯ ಮಗನ ಮದುವೆಯಲ್ಲಿ ನೆಗೆಯಲು ಹೋದವನು ನಾಲ್ಕು ಬೆರಳೂ ಮೇಲೇಳಲಿಲ್ಲ. ಐವತ್ತೇಳು ವಯಸ್ಸು, ಮುಂದೆ ದುಂಡನೆ ಹೊಟ್ಟೆ. "ಭೂಮಿಗೆ ನಾಯಿಫನ ಮೇಲೆ ಪ್ರೀತಿ ಜಾಸ್ತಿ, ಬಿಟ್ಕೊಡ್ತಿಲ್ಲ" ಎಂದು ಯಾರೋ ಅಂದರು. ಅವನೂ ನಕ್ಕ. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಇನ್ನಾರು ತಿಂಗಳಿಗೆ ಒಬ್ಬಳೇ ಮಗಳು ಲಮೀಸಳ ಮದುವೆ. ಹುಡುಗಿ ತವರಿನ ಹೊಸಿಲು ದಾಟುವ ಮೊದಲು ಅಂಗಳದಲ್ಲಿ ಸಾಲು ನಡೆಸಬೇಕಾದವನು ಅಪ್ಪ. ಅವನ ಕೈಲಾಗದಿದ್ದರೆ ಗಂಡಿನ ಸೋದರಮಾವ ಶವ್ಕತ್ ಆ ಜಪಮಣಿ ಸರವನ್ನು ಕೈಗೆತ್ತಿಕೊಂಡು, ಅದನ್ನೇ ಸಾಯುವ ತನಕ ಹೇಳಿಕೊಂಡು ತಿರುಗುವ ಆಸಾಮಿ.

"ದಿನಾ ಒಂದು ಗಂಟೆ ನಡೀತೀನಲ್ಲ ಮಗಳೇ, ಸಾಲ್ದಾ?" ಎಂದ ನಾಯಿಫ್.

ಲಮೀಸ್ ಶಾಲೆಯಲ್ಲಿ ವ್ಯಾಯಾಮದ ಟೀಚರು. "ನಡೆದ್ರೆ ನಡೆಯೋಕೆ ಬರುತ್ತೆ ಅಪ್ಪಾ. ಹಾರ್ಬೇಕು ಅಂದ್ರೆ ಹಾರೇ ಕಲೀಬೇಕು. ವಾರಕ್ಕೆ ಎರಡೇ ದಿನ. ಮೆಟ್ಟಿಲ ಮೇಲಕ್ಕೆ ಆರು ಸಲ ಹಾರು, ಸುಧಾರಿಸ್ಕೋ, ಮತ್ತೆ ಆರು. ಆದ್ರೆ ಕಾಲೂರೋವಾಗ ಸದ್ದು ಬರ್ಬಾರ್ದು. ಬಂದ್ರೆ ಪೆಟ್ಟು ಮಂಡಿಗೆ."

ಎಡವಟ್ಟಾದದ್ದು ಅಲ್ಲೇ. ಹುಟ್ಟಿದಾಗಿನಿಂದ ನೆಲ ಬಡಿದೇ ಬೆಳೆದ ಕಾಲು ಅದು. ಹಾರಿದಷ್ಟೂ ಸಲ ಧಡ್. ಮೂರನೇ ವಾರಕ್ಕೆ ಮಂಡಿ ಊದಿ, ಹತ್ತು ದಿನ ಮಂಜುಗಡ್ಡೆ ಕಟ್ಟಿಕೊಂಡು ಕೂತ.

ಆಮೇಲೆ ಲಮೀಸ್ ಅಮ್ಮನನ್ನೇ ತೀರ್ಪುಗಾರಳಾಗಿ ನೇಮಿಸಿದಳು. ವಿದಾದ್ ಗಂಡನಿಗೆ ಬೆನ್ನು ಮಾಡಿ ಕೂತು ಬೀನ್ಸಿನ ನಾರು ತೆಗೆಯುವಳು. ಹಿಂದೆ ಇವನು ಹಾರುವನು.

"ಕೇಳಿಸ್ತು."

ಮತ್ತೊಂದು.

"ಪಕ್ಕದ ಮನೆಯವ್ರಿಗೂ ಕೇಳಿಸ್ತು ಕಣ್ರೀ."

ಬೇಸಿಗೆಯೆಲ್ಲ ಹೀಗೇ ಹೋಯಿತು. ಒಂದು ಬೆಳಿಗ್ಗೆ ವಿದಾದ್ ತಿರುಗಿಯೂ ನೋಡದೆ, "ಹಾರ್ತೀರೋ ಇಲ್ಲ ಹಾಗೇ ನಿಂತಿರ್ತೀರೋ?" ಎಂದು ರೇಗಿದಳು. ನಾಯಿಫ್ ಆಗಲೇ ಆರು ಸಲ ಹಾರಿ ಮುಗಿಸಿದ್ದ. ಲಮೀಸ್ ಓಡಿಬಂದು ಅಪ್ಪನ ಬೋಳುತಲೆಗೆ ಮುತ್ತಿಟ್ಟಳು. ಅವತ್ತು ಬೇಕರಿಯಲ್ಲಿ ಎರಡು ತಟ್ಟೆ ರೊಟ್ಟಿ ಸೀದುಹೋದದ್ದಕ್ಕೆ ಅವನ ಖುಷಿಯೇ ಕಾರಣ.

ಮದುವೆಯ ದಿನ ಸಂಜೆ ಅಂಗಳ ತುಂಬಿತ್ತು. ಸಾಲಿನ ತಲೆಯಲ್ಲಿ ನಾಯಿಫ್, ಅವನ ಕೈ ಹಿಡಿದು ಬಿಳಿ ಉಡುಪಿನ ಲಮೀಸ್, ಆಚೆಗೆ ಕಾದು ನಿಂತ ಶವ್ಕತ್. ಡೋಲು ಏರಿತು. ನಾಯಿಫ್ ಮಗಳ ಕೈ ಬಿಟ್ಟು ನೆಗೆದ. ಎರಡು ಗೇಣು, ಸುಳ್ಳಲ್ಲ. ಶವ್ಕತ್‌ ತೆರೆದ ಬಾಯಿ ಮುಚ್ಚಲಿಲ್ಲ.

ಆದರೆ ಆರು ತಿಂಗಳ ಪಾಠ ಕಾಲಿಗೆ ಹತ್ತಿಬಿಟ್ಟಿತ್ತು ನೋಡಿ. ನಾಯಿಫ್ ಬೆಕ್ಕಿನ ಹಾಗೆ ಇಳಿದ, ಚೂರೂ ಸದ್ದಿಲ್ಲ. ಬಡಿತಕ್ಕೆಂದು ಡೋಲಿನವನು ಬಿಟ್ಟ ಜಾಗ ಖಾಲಿಯೇ ಉಳಿಯಿತು. ನಲವತ್ತು ಜನ ಒಂದು ಕಾಲೆತ್ತಿ ಕಾದರು. ತಪ್ಪು ಗೊತ್ತಾಗಿ ನಾಯಿಫನ ಮುಖ ಬಿಳಿಚಿಕೊಂಡಿತು.

ಧಡ್.

ಲಮೀಸ್ ಉಡುಪನ್ನು ಮಂಡಿಯ ತನಕ ಎತ್ತಿ ಹಿಡಿದು ನೆಲಕ್ಕೆ ಕಾಲು ಬಡಿದಿದ್ದಳು. ಸಾಲು ಮುಂದೆ ಹೊರಟಿತು.

"ನೀನು ಹಾರು ಅಪ್ಪಾ. ಸದ್ದು ನಾನು ಮಾಡ್ತೀನಿ" ಎಂದಳು, ಮತ್ತೆ ಅವನ ಕೈ ಹಿಡಿಯುತ್ತಾ.

ನಾಯಿಫನಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಇನ್ನೂ ಮೂರು ಸಲ ಹಾರಿದ. ಮೂರು ಸಲವೂ ಮಗಳು ಬಡಿದಳು. ಆಮೇಲೆ ಅವಳನ್ನು ಕಾರು ಹತ್ತಿಸಿ ಕಳಿಸಿದರು.