ಜೂನ್ ತಿಂಗಳ ಹುಲಿ

ನವರಾತ್ರಿಗೆ ಇನ್ನೂ ಮೂರು ತಿಂಗಳಿರುವಾಗಲೇ ಹುಲಿವೇಷ ಹಾಕಬೇಕೆಂದು ಬಂದ ದೇವಿಪ್ರಸಾದನನ್ನು ಬಂಟ್ವಾಳದ ಬಣ್ಣಗಾರ ಭೋಜ ಮೇಲಿಂದ ಕೆಳಗೆ ನೋಡಿದ. ಹರಕೆಯೋ ಎಂದು ಕೇಳಿದ. ಹಾಗೆಂದೇ ಇಟ್ಟುಕೊಳ್ಳಿ ಎಂದನವನು. ಯಾವ ದೇವಸ್ಥಾನ ಎಂದದ್ದಕ್ಕೆ ಬೆಂಗಳೂರು ಎಂದಷ್ಟೇ ಉತ್ತರ ಬಂತು.

ಸಂಗತಿ ಇಷ್ಟು. ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು ಬೆಂಗಳೂರಿನಲ್ಲಿ ಹಾಡುಹಗಲೇ ಮೆರವಣಿಗೆ ಹೋದದ್ದನ್ನು ಅವನು ಹಿಂದಿನ ವರ್ಷ, ೨೦೦೮ರಲ್ಲಿ, ಪೇಪರಿನಲ್ಲಿ ಓದಿದ್ದ. ತಾನೂ ಆ ಪೈಕಿಯವನೆಂದು ಅವನಿಗೆ ಹೈಸ್ಕೂಲಿನಿಂದಲೇ ಗೊತ್ತು. ತಾಯಿಯಿಲ್ಲದ ಅವನನ್ನು ಬೀಡಿ ಕಟ್ಟಿ ಸಾಕಿದ ಅಕ್ಕ ಕುಸುಮಳಿಗೆ ಮಾತ್ರ ಗೊತ್ತಿಲ್ಲ. ಅವಳು ಬೆಳ್ತಂಗಡಿಯಲ್ಲಿ ಹುಡುಗಿ ಗೊತ್ತುಮಾಡಿ, ನೋಡಲು ಬರುವುದಾಗಿ ಮಾತನ್ನೂ ಕೊಟ್ಟಿದ್ದಳು. ಅದಕ್ಕೆ ಮೊದಲು ಒಮ್ಮೆಯಾದರೂ ಆ ಮೆರವಣಿಗೆಯಲ್ಲಿ ನಡೆಯಬೇಕು, ಅಕ್ಕನಿಗೆ ತಿಳಿಯಬಾರದು. ಅಲ್ಲಿ ಕೆಲವರು ಮುಖವಾಡ ಹಾಕುತ್ತಾರಂತೆ. ಮುಖವಾಡ ಜಾರಬಹುದು, ಹುಲಿಯ ಬಣ್ಣ ಜಾರುವುದಿಲ್ಲ.

ಸ್ನೇಹಿತನ ಮದುವೆ ಎಂದು ಅಕ್ಕನಿಗೆ ಸುಳ್ಳು ಹೇಳಿ, ಭೋಜನನ್ನು ಕರೆದುಕೊಂಡು ಬಸ್ಸು ಹತ್ತಿದ.

ಬೆಂಗಳೂರಿನಲ್ಲಿ ಅವನಿಗೆ ಬಣ್ಣ ಹಚ್ಚುವಾಗ, ಸುತ್ತ ಎಲ್ಲರ ಕೈಯಲ್ಲೂ ಇದ್ದ ಬಾವುಟದಲ್ಲಿ ಆರು ಬಣ್ಣ ಕಂಡು, ಹುಲಿಯನ್ನು ನಾಲ್ಕರಲ್ಲೇ ಮುಗಿಸುವ ಭೋಜ ಸ್ವಲ್ಪ ಕುಗ್ಗಿದ. ಸೀರೆ ಉಟ್ಟ ಗಡ್ಡದವನೊಬ್ಬ ಬಂದು ತನ್ನ ಕೆನ್ನೆಗೂ ಎರಡು ಪಟ್ಟೆ ಎಳೆಯಿರೆಂದಾಗ ಚೇತರಿಸಿಕೊಂಡ. ಮೆರವಣಿಗೆ ಹೊರಡುವಷ್ಟರಲ್ಲಿ ಹನ್ನೊಂದು ಜನರ ಕೆನ್ನೆಗೆ ಪಟ್ಟೆ ಬಿದ್ದಿತ್ತು. ತಮಟೆ ಶುರುವಾಯಿತು. ನಮ್ಮೂರಲ್ಲಿ ಹುಲಿಗೆ ಬಾರಿಸುವ ತಾಸೆಯ ಪೆಟ್ಟಲ್ಲ, ಆದರೂ ಕಾಲು ಕೇಳಬೇಕಲ್ಲ. ದೇವಿಪ್ರಸಾದ ಕುಣಿದ. ಟಿ.ವಿ.ಯವರು ಬಂದಾಗಲೂ ನಿಲ್ಲಿಸಲಿಲ್ಲ. ಬಣ್ಣ ಇತ್ತಲ್ಲ.

ಊರಿನಲ್ಲಿ ಹುಲಿಯನ್ನು ಮುಖ ನೋಡಿ ಯಾರೂ ಗುರುತಿಸುವುದಿಲ್ಲ, ಹೆಜ್ಜೆ ನೋಡಿ ಇದು ಇಂಥವರ ಮಗ ಎನ್ನುತ್ತಾರೆ. ಹತ್ತು ವರ್ಷ ವೇಷ ಹಾಕಿದವನು ಅದನ್ನೇ ಮರೆತಿದ್ದ.

ಮರುದಿನ ಮನೆಗೆ ಬಂದಾಗ ಕುಸುಮ ಮಡಿಲಲ್ಲಿ ಎಲೆ, ಹೊಗೆಸೊಪ್ಪಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಮದುವೆಯಲ್ಲಿ ಸೀಮೆಎಣ್ಣೆ ಬಡಿಸಿದ್ರಾ?"

ಬಣ್ಣ ತೆಗೆಯಲು ಸೀಮೆಎಣ್ಣೆಯಲ್ಲೇ ಮೈ ಉಜ್ಜಿಕೊಂಡಿದ್ದ ಅವನು ಬಾಗಿಲಲ್ಲೇ ನಿಂತ.

"ವಾರ್ತೆಯಲ್ಲಿ ತೋರಿಸಿದ್ರು," ಎಂದಳು. "ಹಾರುವ ಮೊದಲು ಎಡ ಭುಜ ಎರಡು ಸಲ ಕುಣಿಸುವ ಹುಲಿ ಈ ಜಿಲ್ಲೆಯಲ್ಲಿ ಒಂದೇ ಇರುವುದು. ಕಲಿಸಿದ್ದು ನಾನು."

ನಿಜ. ಹುಡುಗಿಯರಿಗೆ ವೇಷ ಇಲ್ಲವೆಂದು, ಅವಳು ಅಂಗಳದಲ್ಲಿ ಬೋಗುಣಿ ಬಡಿದು ತಮ್ಮನಿಗೆ ಹೆಜ್ಜೆ ಹೇಳಿಕೊಟ್ಟಿದ್ದಳು.

"ಅದು ಎಂಥವರ ಮೆರವಣಿಗೆ ಅಂತಲೂ ಹೇಳಿದ್ರು. ನೀನು ಅವರೊಟ್ಟಿಗೆ ಸುಮ್ಮನೆ ಹೋದದ್ದಾ, ಅಲ್ಲ ಅವರವನಾ?"

"ಅವರವನೇ ಅಕ್ಕ."

ಅವಳು ಒಂದು ಬೀಡಿ ಸುತ್ತಿ, ನೂಲು ಕಟ್ಟಿ, ಬದಿಗಿಟ್ಟಳು. ಇನ್ನೊಂದು ಸುತ್ತಿದಳು. ಅದು ಸೊಟ್ಟ ಬಂತು, ಬಿಚ್ಚಿದಳು.

"ಬೆಳ್ತಂಗಡಿಗೆ ಫೋನು ನೀನೇ ಮಾಡು. ನಾನು ಮಾಡಿದ್ರೆ ಜಾತಕ ಕೂಡಿ ಬರ್ಲಿಲ್ಲ ಅಂತ ಸುಳ್ಳು ಹೇಳ್ತೇನೆ. ಈ ಮನೆಯಲ್ಲಿ ಒಬ್ಬ ಸುಳ್ಳು ಹೇಳಿದ್ದೇ ಸಾಕು."

ಅವನು ಫೋನಿನತ್ತ ಹೊರಟ.

"ನಿಲ್ಲು ಮಾರಾಯ. ಆ ಟಿ.ವಿ.ಯಲ್ಲಿ ಬಲಗಾಲು ತಡವಾಗಿ ಬೀಳ್ತಿತ್ತು. ಅಷ್ಟು ಜನರ ಎದುರು." ಗೆರಸೆ ಕೆಳಗಿಟ್ಟು, ಮೂಲೆಯ ಬೋಗುಣಿಯನ್ನು ಕವುಚಿ ಹಾಕಿದಳು. "ಹಾಕು ಹೆಜ್ಜೆ, ನೋಡುವ."