ಬಿಟ್ಟುಕೊಟ್ಟ ಎರಡಡಿ

ಎಷ್ಟು ಹ್ಯಾಂಡಿಕ್ಯಾಪ್ ಇದ್ದರೆ ಒಬ್ಬನನ್ನು ಒಳ್ಳೆಯ ಆಟಗಾರ ಎನ್ನಬಹುದು ಎಂದು ಇನ್ವರ್‌ಡ್ರೋನ್ ಗಾಲ್ಫ್ ಕ್ಲಬ್ಬಿನ ಬಾರಿನಲ್ಲಿ ಕೇಳಿದವನು ಊರಿಗೆ ಹೊಸಬನಾದ ದಂತವೈದ್ಯ. ಅವನದು ಇಪ್ಪತ್ತಾರು. ಅಂದರೆ, ಪಳಗಿದವರು ಎಪ್ಪತ್ತೆರಡು ಹೊಡೆತದಲ್ಲಿ ಮುಗಿಸುವ ಮೈದಾನಕ್ಕೆ ಅವನಿಗೆ ತೊಂಬತ್ತೆಂಟರಷ್ಟು ಬೇಕು. ಸಂಖ್ಯೆ ಇಳಿದಷ್ಟೂ ಆಟಗಾರನ ಬೆಲೆ ಏರುತ್ತದೆ.

"ಒಂಬತ್ತು," ಎಂದ ಸ್ಟ್ರುವನ್ ಲೆಕಿ, ಬೇರೆಯವರು ಬಾಯಿ ತೆರೆಯುವ ಮೊದಲೇ.

"ಹತ್ತಾದ್ರೆ?"

"ಹತ್ತಾದ್ರೆ ಮೈದಾನಕ್ಕೆ ಬರ್ತಾನೆ ಅಂತ. ಒಂಬತ್ತಾದ್ರೆ ಆಡ್ತಾನೆ ಅಂತ."

ಲೆಕಿ ನಿವೃತ್ತನಾಗುವವರೆಗೂ ಡ್ರೈವಿಂಗ್ ಪರೀಕ್ಷಕನಾಗಿದ್ದವನು. ಊರಿನ ಅರ್ಧ ಜನ ಅವನ ಕೈಯಲ್ಲಿ ಒಮ್ಮೆಯಾದರೂ ಫೇಲಾಗಿದ್ದರು. ಬಾರಿನ ಹಿಂದೆ ಗ್ಲಾಸು ಒರೆಸುತ್ತಿದ್ದ ಮೋರಾಗ್ ಕೂಡ.

"ನನ್ನ ಮೂರು ಸಲ ಫೇಲ್ ಮಾಡಿದ್ರು ಮಹಾನುಭಾವರು," ಎಂದು ಅವಳು ದಂತವೈದ್ಯನಿಗೆ ಹೇಳಿದಳು. "ಮೂರನೇ ಸಲ ಏನು ತಪ್ಪು ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ."

"ಕನ್ನಡಿ ನೋಡ್ಲಿಲ್ಲ ನೀನು," ಎಂದ ಲೆಕಿ. "ರಿಯಾಯಿತಿ ಕೊಟ್ಟು ಪಾಸು ಮಾಡಿದ್ರೆ ನಾಳೆ ಯಾರಿಗೋ ಗುದ್ತೀಯ."

ಎಲ್ಲರೂ ನಕ್ಕರು. ನಗದಿದ್ದವನು ಟ್ಯಾಮ್ ಕಿನ್ನಿಯರ್ ಒಬ್ಬನೇ. ಊರಿನ ಪ್ಲಂಬರ್, ಲೆಕಿಯ ಶಾಲೆಯ ಗೆಳೆಯ, ಪ್ರತಿ ಗುರುವಾರ ಅವನ ಜೊತೆ ಆಡುವವನು. ಅವನ ಹ್ಯಾಂಡಿಕ್ಯಾಪ್ ಆರು. ಅವನು ಬಿಯರಿನ ನೊರೆ ನೋಡುತ್ತ ಕುಳಿತಿದ್ದ.

ಎರಡು ವರ್ಷದ ಹಿಂದೆ ಲೆಕಿಯ ಸಂಖ್ಯೆ ಹನ್ನೆರಡಕ್ಕೆ ಏರಿತ್ತು. ದೂರದ ಹೊಡೆತಗಳಲ್ಲಿ ಕುಂದಿರಲಿಲ್ಲ. ಹೋದದ್ದು ಕೊನೆಯ ಎರಡಡಿ, ಮೂರಡಿ. ಕುಳಿಯ ಪಕ್ಕದಲ್ಲಿ ಚೆಂಡು ನಿಂತು, ಮಗುವೂ ತಳ್ಳಿಬಿಡಬಹುದು ಎನ್ನುವಂತಿದ್ದಾಗ ಅವನ ಬಲಗೈ ನಡುಗುತ್ತಿತ್ತು. ಚೆಂಡು ಕುಳಿಯ ಅಂಚು ಸವರಿ ಆಚೆಗೆ ಹೋಗುತ್ತಿತ್ತು. ಅಂಥ ಒಂದು ಗುರುವಾರ, ಲೆಕಿ ಬಾಗಿ ನಿಲ್ಲುವ ಮೊದಲೇ ಟ್ಯಾಮ್, "ಸಾಕು, ಎತ್ಕೋ," ಎಂದಿದ್ದ. ಗೆಳೆಯರ ಆಟದಲ್ಲಿ ಅದು ಮಾಮೂಲು. ಚಿಕ್ಕ ಹೊಡೆತವನ್ನು ಎದುರಾಳಿ ಬಿಟ್ಟುಕೊಡುತ್ತಾನೆ, ಹಾಕಿದ ಹಾಗೇ ಲೆಕ್ಕ. ಆದರೆ ಹ್ಯಾಂಡಿಕ್ಯಾಪ್‌ಗೆ ಎಣಿಸುವ ಆಟದಲ್ಲಿ ಬಿಟ್ಟುಕೊಡುವಂತಿಲ್ಲ. ಚೆಂಡು ಕುಳಿಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಕಾರ್ಡಿನಲ್ಲಿ ಬರೆಯಬೇಕು, ಜೊತೆಗಾರ ಸಹಿ ಹಾಕಬೇಕು. ಟ್ಯಾಮ್ ಆ ಆಟಗಳಲ್ಲೂ "ಎತ್ಕೋ" ಎಂದ. ಬರೆದ. ಸಹಿ ಹಾಕಿದ. ಹೇಗಿದ್ದರೂ ಬೀಳುತ್ತಿತ್ತಲ್ಲ ಎಂದುಕೊಂಡು ಲೆಕಿ ಎತ್ತಿದ. ಸಂಖ್ಯೆ ಹನ್ನೊಂದಾಯಿತು, ಹತ್ತಾಯಿತು, ಈ ಬೇಸಿಗೆಯಲ್ಲಿ ಒಂಬತ್ತಕ್ಕೆ ಬಂದು ನಿಂತಿತು. ಆ ವಿಷಯ ಇಬ್ಬರೂ ಒಂದು ದಿನವೂ ಬಾಯಿ ಬಿಟ್ಟು ಆಡಲಿಲ್ಲ.

ಕೊಲ್ಲಿಯ ಆಚೆ ದಡದ ಪೋರ್ಟ್‌ಲೂನ್ ಕ್ಲಬ್ಬಿನ ಜೊತೆ ಪ್ರತಿ ಸೆಪ್ಟೆಂಬರಿನಲ್ಲಿ ಪಂದ್ಯ ನಡೆಯುತ್ತದೆ. ಒಂಬತ್ತು ಮತ್ತು ಅದಕ್ಕಿಂತ ಕಡಿಮೆಯವರಿಗೆ ಮಾತ್ರ ತಂಡದಲ್ಲಿ ಜಾಗ. ಒಬ್ಬರೆದುರು ಒಬ್ಬರು, ಹ್ಯಾಂಡಿಕ್ಯಾಪಿನ ರಿಯಾಯಿತಿ ಯಾರಿಗೂ ಇಲ್ಲ; ಚಿಕ್ಕ ಹೊಡೆತವನ್ನು ಮಾತ್ರ ಎದುರಾಳಿ ಬಯಸಿದರೆ ಬಿಟ್ಟುಕೊಡಬಹುದು. ನಾಯಕಿ ಊನಾ ಬೆವರಿಜ್ ಪಟ್ಟಿ ಅಂಟಿಸಿದಾಗ ಲೆಕಿಯ ಹೆಸರು ಕೊನೆಯ ಜೋಡಿಯಲ್ಲಿತ್ತು. ಮೂರು ವರ್ಷದ ಬಳಿಕ. ಅವನು ಕ್ಲಬ್ಬಿನ ಗುರುತಿದ್ದ ನೀಲಿ ಸ್ವೆಟರನ್ನು ತಾನೇ ಇಸ್ತ್ರಿ ಮಾಡಿಕೊಂಡ.

ಪೋರ್ಟ್‌ಲೂನ್‌ನಲ್ಲಿ ಅವನಿಗೆ ಎದುರಾದವನು ಮಂಗೊ ರಿಂಟೂಲ್ ಎಂಬ ಬೇಕರಿಯವನು. ಕೆಂಪು ಮುಖ, ಉದಾರ ಬಾಯಿ.

"ಎತ್ಕೊಳ್ಳಿ ಯಜಮಾನ್ರೆ, ಅದನ್ನೇನು ಹಾಕ್ತೀರ," ಎಂದ ಮೊದಲ ಗ್ರೀನಿನಲ್ಲೇ, ಕುಳಿಯ ಸುತ್ತಲಿನ ಸಣ್ಣ ಹುಲ್ಲಿನ ಮೇಲೆ ನಿಂತು. ಮೂರನೆಯದರಲ್ಲೂ ಅದೇ ಮಾತು. "ನಮ್ಮಮ್ಮ ಹಾಕ್ತಾಳೆ ಇದನ್ನ, ಊರುಗೋಲಿನಲ್ಲಿ!" ಲೆಕಿಗೆ ಮನುಷ್ಯ ಹಿಡಿಸಿದ. ಗಾಳಿಯೆದುರು ಅವನು ಚೆನ್ನಾಗಿಯೇ ಆಡಿದ. ಗುರುವಾರದ ಹಾಗೇ ಆಡಿದ. ಹದಿನೆಂಟರಲ್ಲಿ ಹದಿನೇಳು ಕುಳಿಗಳಾದಾಗ ಇಬ್ಬರೂ ಸಮ.

ಕೊನೆಯ ಗ್ರೀನಿನ ಸುತ್ತ ಟ್ಯಾಮ್ ಸೇರಿದಂತೆ ಆಟ ಮುಗಿಸಿದವರೆಲ್ಲ ನಿಂತಿದ್ದರು. ತಂಡಗಳ ಲೆಕ್ಕವೂ ಸಮವಾಗಿದೆ ಎಂದು ಊನಾ ಬೆರಳೆತ್ತಿ ಸನ್ನೆ ಮಾಡಿದಳು. ಈ ಜೋಡಿ ಸಮವಾದರೆ ಪಂದ್ಯವೂ ಸಮ. ಆಗ ಕಪ್ ಹೋದ ವರ್ಷ ಗೆದ್ದ ಇನ್ವರ್‌ಡ್ರೋನಿನಲ್ಲೇ ಉಳಿಯುತ್ತದೆ. ರಿಂಟೂಲ್ ಐದು ಹೊಡೆತದಲ್ಲಿ ಮುಗಿಸಿ ಪಕ್ಕಕ್ಕೆ ಸರಿದ. ಲೆಕಿ ನಾಲ್ಕು ಹೊಡೆದಾಗಿತ್ತು. ಚೆಂಡು ಕುಳಿಯಿಂದ ಎರಡಡಿಯಲ್ಲಿತ್ತು.

ಲೆಕಿ ನಡೆದು ಹೋದ, ಬಾಗಿದ, ಚೆಂಡು ಎತ್ತಿ ಜೇಬಿಗೆ ಹಾಕಿದ. ಕೈ ಕುಲುಕಲು ರಿಂಟೂಲನ ಕಡೆ ತಿರುಗಿದ.

ರಿಂಟೂಲ್ ಕೈ ಚಾಚಲಿಲ್ಲ. "ಯಜಮಾನ್ರೆ," ಎಂದ. "ನಾನು ಕೊಟ್ಟಿರಲಿಲ್ಲವಲ್ಲ."

ಬಿಟ್ಟುಕೊಡದ ಚೆಂಡನ್ನು ಎತ್ತಿದರೆ ಒಂದು ಹೊಡೆತ ದಂಡ. ಅಲ್ಲಿದ್ದವರಲ್ಲಿ ಅದನ್ನು ಅರಿಯದವರಿರಲಿಲ್ಲ. ನಾಲ್ಕು ಐದಾಗಿತ್ತು, ಇನ್ನು ಚೆಂಡು ಹಾಕಿದರೂ ಆರು.

"ಕೊಡ್ತೀರಿ ಅಂದ್ಕೊಂಡೆ," ಎಂದ ಲೆಕಿ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು. ಫೇಲಾದ ಎಷ್ಟೋ ಜನ ತನ್ನ ಪಕ್ಕದಲ್ಲಿ ಸ್ಟೇರಿಂಗ್ ಹಿಡಿದುಕೊಂಡು ಆಡಿದ್ದ ದನಿ ಅದು.

"ಕೊಡ್ತಿರಲಿಲ್ಲ," ಎಂದ ರಿಂಟೂಲ್, ಬೇಸರದಿಂದಲೇ. "ಬೆಳಗಿಂದ ಒಂದನ್ನೂ ಹಾಕಿಸ್ಲಿಲ್ಲ. ಕೊನೇದು ಹಾಕ್ತೀರೋ ನೋಡೋಣ ಅಂತಿದ್ದೆ. ನೀವು ನೋಡೋಕೂ ಬಿಡ್ಲಿಲ್ಲ."

ಊನಾ ಪೋರ್ಟ್‌ಲೂನ್ ನಾಯಕನ ಕೈ ಕುಲುಕಿದಳು. ಲೆಕಿಯ ಪಕ್ಕದಲ್ಲಿ ಹಾದು ಹೋಗುವಾಗ, "ಒಂಬತ್ತು ಅಂತ ನಂಬಿ ತಂಡಕ್ಕೆ ಹಾಕ್ಕೊಂಡೆ," ಎಂದಷ್ಟೇ ಅಂದಳು.

ಟ್ಯಾಮನ ವ್ಯಾನಿನಲ್ಲಿ ವಾಪಸು ಬರುವಾಗ ಹಿಂದೆ ಪೈಪುಗಳು ಗಲಗಲ ಎನ್ನುತ್ತಿದ್ದವು. ಅರ್ಧ ದಾರಿಯಲ್ಲಿ ಲೆಕಿ ಅವನ ಕಡೆ ತಿರುಗಿದ.

"ನಿಲ್ಲು ಅಂತ ಒಂದು ಸಲ ಕೂಗೋಕಾಗ್ಲಿಲ್ವಾ ನಿನಗೆ?"

"ಬಾಯಿ ತೆಗೆಯೋಷ್ಟರಲ್ಲಿ ಜೇಬಿಗೆ ಹೋಗಿತ್ತು."

"ನೀನೇ ಕಣೋ ನನ್ನ ಕೆಡಿಸಿದ್ದು."

"ಹೌದು," ಎಂದ ಟ್ಯಾಮ್.

ಲೆಕಿ ಜಗಳಕ್ಕೆ ತಯಾರಾಗಿದ್ದ, ಒಪ್ಪಿಗೆಗಲ್ಲ. "ಕಾರ್ಡಿಗೆ ಸಹಿ ಹಾಕಿದ್ದು ನೀನು," ಎಂದ ಕೊನೆಗೆ.

"ಅದರ ಕೆಳಗೆ ನಿಂದೂ ಇತ್ತು." ಟ್ಯಾಮ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೋಡೋಕಾಗ್ತಿರಲಿಲ್ಲ ಸ್ಟ್ರುವನ್. ಆ ಕೈ ಮೊಣಕೈವರೆಗೂ ನಡುಗೋದು. ತಪ್ಪಿದ ಮೇಲೆ ಸಂಜೆತನಕ ಮುಖ ಗಂಟು. ವಾರಕ್ಕೊಂದು ದಿನ ಆಡೋಕೆ ಬರೋನು ನಾನು, ಸಾವಿನ ಮನೆಗೆ ಬರೋನಲ್ಲ. ಒಂದಿನ ಎತ್ಕೋ ಅಂದೆ. ನೀನು ಥ್ಯಾಂಕ್ಸ್ ಅಂದೆ. ಬೇಡ ಅನ್ನಬಹುದಿತ್ತು."

"ನನ್ನ ನಿಜವಾದ ನಂಬರ್ ಎಷ್ಟು?"

"ಬಿಡೋ."

"ಹೇಳು."

"ಹದಿನಾಲ್ಕು. ಗಾಳಿ ಬೀಸಿದ್ರೆ ಹದಿನೈದು."

"ನಮ್ಮೂರಲ್ಲಿ ಗಾಳಿ ಬೀಸದ ದಿನ ಯಾವುದಿದೆ?"

"ಹಾಗಾದ್ರೆ ಹದಿನೈದು."

ಮುಂದಿನ ಗುರುವಾರ ಟ್ಯಾಮ್ ಬರುವುದಿಲ್ಲವೇನೋ ಎಂದು ಲೆಕಿಗೆ ಅನುಮಾನವಿತ್ತು. ಬಂದ. ಮೊದಲ ಹೊಡೆತಕ್ಕೆ ಮುನ್ನ ಲೆಕಿ, ಮನೆಯಲ್ಲಿ ಯೋಚಿಸಿಟ್ಟಿದ್ದ ಮಾತು ಹೇಳಿದ: "ಇವತ್ತಿಂದ ಎಲ್ಲಾ ಹಾಕ್ತೀನಿ. ನೀನು ಬಾಯಿ ಬಿಡಬೇಡ. ಹದಿನೈದಾದ್ರೆ ಹದಿನೈದು."

"ಸರಿ," ಎಂದ ಟ್ಯಾಮ್. ಅವನ ಮುಖ ಸ್ವಲ್ಪ ಹಗುರವಾದಂತೆ ಕಂಡಿತು.

ಮೂರು ಹೊಡೆತಕ್ಕೆ ಲೆಕಿಯ ಚೆಂಡು ಮೊದಲ ಗ್ರೀನಿಗೆ ಬಂದು, ಕುಳಿಯಿಂದ ಎರಡಡಿಯಲ್ಲಿ ನಿಂತಿತು. ಟ್ಯಾಮ್ ಬಾವುಟದ ಕೋಲನ್ನು ಹಿಡಿದು ಸಮುದ್ರದ ಕಡೆ ಮುಖ ಮಾಡಿದ. ಲೆಕಿ ಕಾಲು ಅಗಲಿಸಿ ನಿಂತ. ಬಲಗೈಯ ನಡುಕ ಆಗಲೇ ಶುರುವಾಗಿತ್ತು. ಅವನು ಹಿಂದೆ ಸರಿದು, ಕೈ ಒರೆಸಿಕೊಂಡು, ಮತ್ತೆ ನಿಂತ. ಕ್ಲಬ್ಬಿನ ಗೋಡೆಯ ಮೇಲೆ ತನ್ನ ಹೆಸರಿನ ಮುಂದೆ ಹದಿನೈದು ಎಂದು ಬರೆದಿರುವುದು, ದಂತವೈದ್ಯ ಅದನ್ನು ಓದುತ್ತಿರುವುದು, ಮೋರಾಗ್ ಗ್ಲಾಸು ಒರೆಸುತ್ತ ನಗದೇ ಇರುವುದು ಅವನಿಗೆ ಕಂಡಿತು.

"ಏನಾದ್ರೂ ಅನ್ನೋ," ಎಂದ, ತಲೆಯೆತ್ತದೆ.

ಟ್ಯಾಮ್ ಸಮುದ್ರವನ್ನೇ ನೋಡುತ್ತಿದ್ದ.

"ಟ್ಯಾಮ್."

"ಬಾಯಿ ಬಿಡಬೇಡ ಅಂದ್ಯಲ್ಲ."

"ಅನ್ನು."

ಹಿಂದಿನ ಜೋಡಿ ಆಗಲೇ ಕಾಯುತ್ತ ನಿಂತಿತ್ತು. "ಸಾಕು," ಎಂದ ಟ್ಯಾಮ್. "ಎತ್ಕೋ."

ಲೆಕಿ ಎತ್ತಿದ. ಟ್ಯಾಮ್ ಕಾರ್ಡು ತೆಗೆದು ಪೆನ್ಸಿಲ್ ಹಿಡಿದ. ಈ ಎರಡು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದನ್ನು ಕೇಳಿದ.

"ಎಷ್ಟು ಬರೀಲಿ?"

"ನಾಲ್ಕು," ಎಂದ ಲೆಕಿ.

ಟ್ಯಾಮ್ ನಾಲ್ಕು ಎಂದು ಬರೆದು, ಚೀಲ ಹೆಗಲಿಗೇರಿಸಿ, ಅವನಿಗಾಗಿ ಕಾಯದೆ ಎರಡನೆಯ ಕುಳಿಯ ಕಡೆ ನಡೆದ.