ಉಪ್ಪಿನ ಬಯಲು ಬರುವ ಮುಂಚೆ

ಟಿವಿಯಲ್ಲಿ, ಮೂರನೇ ಸಿನಿಮಾ ಹಾಲಿನ ಚೌಕದಲ್ಲಿ ಅಕ್ಕ ಕಂಡಳು.

ಅವನು ಕುರ್ಚಿಯಿಂದ ಅರ್ಧ ಎದ್ದು, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಬೂದು ಬಣ್ಣದ ಚಿತ್ರ, ಹೆಬ್ಬೆರಳಿನ ಉಗುರಿನಷ್ಟು ಮುಖ. ಆದರೂ ತಪ್ಪುವ ಮಾತೇ ಇಲ್ಲ. ನಗು ಬಂದಾಗ ಮುಂಗೈಯನ್ನು ಮಗುಚಿ ಬಾಯಿಗೆ ಅಡ್ಡ ಹಿಡಿಯುವವಳು ಈ ಭೂಮಿಯ ಮೇಲೆ ಒಬ್ಬಳೇ. ನಡುಸಾಲಿನ ತುದಿಯ ಸೀಟು. ಮಡಿಲಲ್ಲಿ ಆಸ್ಪತ್ರೆಯ ಚೀಟಿ, ಎಕ್ಸ್‌ರೇ ಇಡುವ ದೊಡ್ಡ ಚೀಲ. ಮನೆಯಲ್ಲಿ ಏನು ಹೇಳಿ ಬಂದಿದ್ದಾಳೆ ಅನ್ನುವುದನ್ನು ಆ ಚೀಲವೇ ಹೇಳುತ್ತಿತ್ತು.

ಮಲ್ಟಿಪ್ಲೆಕ್ಸಿನ ಆ ಕೋಣೆಗೆ ಕಿಟಕಿಯಿಲ್ಲ. ಒಂದು ಮೇಜು, ಒಂದು ಕುರ್ಚಿ, ಒಂದು ವಾಕಿಟಾಕಿ, ಗೋಡೆಗೆ ಜಡಿದ ಟಿವಿ. ಟಿವಿಯ ತುಂಬ ಚೌಕಗಳು. ಹಾಲಿಗೊಂದು, ಮೆಟ್ಟಿಲಿಗೊಂದು, ಹೊರಬಾಗಿಲಿಗೊಂದು. ಹಾಲಿನ ಕ್ಯಾಮೆರಾಗಳೆಲ್ಲ ಪರದೆಯ ನೆತ್ತಿಯ ಮೇಲೆ ಕೂತು ಜನರ ಕಡೆಗೆ ಮುಖ ಮಾಡಿದ್ದವು. ಯಾರಾದರೂ ಮೊಬೈಲ್ ಎತ್ತಿ ಸಿನಿಮಾ ಕದಿಯುತ್ತಿದ್ದಾರಾ ಅಂತ ನೋಡುವುದು ಅವನ ಕೆಲಸ. ಕಂಡರೆ ಸೀಟು ಯಾವುದು ಅಂತ ಹೇಳಬೇಕು, ಗೇಟಿನವರು ಹೋಗಿ ಎಬ್ಬಿಸುತ್ತಾರೆ. ಅಂದರೆ ಬೆಳಗಿನಿಂದ ಸಂಜೆವರೆಗೆ ಸಿನಿಮಾ ನೋಡುವವರನ್ನು ನೋಡುವುದು. ಸಿನಿಮಾ ಮಾತ್ರ ಇಲ್ಲ. ಸದ್ದೂ ಇಲ್ಲ. ಜನ ನಗುತ್ತಾರೆ, ಯಾಕೆ ಅಂತ ಗೊತ್ತಿಲ್ಲ. ಅಳುತ್ತಾರೆ, ಯಾಕೆ ಅಂತ ಗೊತ್ತಿಲ್ಲ. ಅನ್ನದ ಪಾತ್ರೆಯ ಮುಂದೆ ಬಾಯಿಗೆ ಬಟ್ಟೆ ಕಟ್ಟಿ ಕೂರಿಸಿದ ಹಾಗೆ.

ಈ ಕೆಲಸ ಕೊಡಿಸಿದ್ದು ಅಕ್ಕನ ಗಂಡ. ಭಾವ ಇಲ್ಲಿ ಫ್ಲೋರ್ ಮ್ಯಾನೇಜರ್.

“ಸಿನಿಮಾ ಸಿನಿಮಾ ಅಂತ ಸ್ಕೂಲು ಬಿಟ್ಟು ಅಲೀತಿದ್ದೆಯಲ್ಲ ಹೀರೋ, ತಗೋ. ದಿನಾ ಐದು ಆಟ. ಕಣ್ತುಂಬ ನೋಡು,” ಅಂತ ಮೊದಲ ದಿನ ಕೆನ್ನೆ ತಟ್ಟಿದ್ದ. ಆ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತ್ತು. ಕಚ್ಚಿದ್ದರೆ ಅದರ ಬಾವು ಅಕ್ಕನ ಮೈಮೇಲೆ ಏಳುತ್ತಿತ್ತು.

ಮದುವೆಯಾದ ಮೇಲೆ ಅಕ್ಕನಿಗೆ ಸಿನಿಮಾ ಇಲ್ಲ. “ಅಲ್ಲಿಗೆ ಎಂಥೆಂಥವರು ಬರ್ತಾರೆ ಅಂತ ನನಗೆ ಗೊತ್ತು” ಅನ್ನುವುದು ಭಾವನ ವಾದ. ಮನೆಯಲ್ಲಿ ಟಿವಿ ಇದೆ. ಅದರ ರಿಮೋಟನ್ನು ಭಾವ ಡ್ಯೂಟಿಗೆ ಬರುವಾಗ ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬರುತ್ತಾನೆ. ಒಮ್ಮೆ ಅಕ್ಕ ಪಕ್ಕದ ಮನೆಯಲ್ಲಿ ಕೂತು ಧಾರಾವಾಹಿ ನೋಡಿ ಸಿಕ್ಕಿಬಿದ್ದಳು. ಆಮೇಲೆ ಎಷ್ಟೋ ದಿನ ಭಾವ ಹೊರಗಿನಿಂದ ಬೀಗ ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದ. ಬೀಗದ ಕೈಯೂ ಅದೇ ಜೇಬಿನಲ್ಲಿ.

ಅಂಥವಳು ಇವತ್ತು ಬಂದು ಕೂತಿದ್ದಾಳೆ, ಗಂಡನದೇ ಕೋಟೆಯೊಳಗೆ. ಹುಚ್ಚಿ. ಆದರೆ ಯಾಕೆ ಬಂದಳು ಅಂತ ತಮ್ಮನಿಗೆ ಗೊತ್ತು. ಮೂರನೇ ಹಾಲಿನಲ್ಲಿ ಓಡುತ್ತಿದ್ದದ್ದು ಉಪ್ಪಿನ ಬಯಲಿನ ಸಿನಿಮಾ. ಇಷ್ಟು ವರ್ಷಗಳ ಮೇಲೆ ಮತ್ತೆ ಬಿಡುಗಡೆಯಾಗಿತ್ತು.

ಚಿಕ್ಕವರಿದ್ದಾಗ ಇಬ್ಬರೂ ಮಾಲೀಕರ ಮನೆಯ ಕಿಟಕಿಯ ಸರಳು ಹಿಡಿದು ನಿಂತು ಟಿವಿ ನೋಡುತ್ತಿದ್ದರು. ಒಳಗಿನವರಿಗೆ ಕೇಳದ ಹಾಗೆ ನಗುವುದನ್ನು ಅಕ್ಕ ಕಲಿತದ್ದು ಅಲ್ಲಿ. ಆಮೇಲೆ ಹಾಸಿಗೆಯಲ್ಲಿ ಮಲಗಿ ಜಗಳ.

“ಉಪ್ಪಿನ ಬಯಲು ನಂಬರ್ ಒನ್ನು. ಮುಗೀತು.”

“ಹೋಗೇ, ಬಾಡಿಗೆ ಮನೆ ಧಾರಾವಾಹಿ ಒನ್ನು. ಕಳ್ಳನ ಸಿನಿಮಾ ಎರಡು. ನಿಂದು ಮೂರು.”

“ಆ ಧಾರಾವಾಹಿ ಮುದುಕಿ ಸತ್ತಾಗ ಗೊಳೋ ಅಂತ ಅತ್ತೋನು ನೀನು. ಅದಕ್ಕೇ ಒನ್ನಾ?”

“ನೀನೇನು ಕಡಿಮೆ ಅತ್ತೆಯಾ?”

“ನಾನು ಉಪ್ಪಿನ ಬಯಲಿಗೆ ಮಾತ್ರ ಅಳೋದು. ಬೇರೆ ಯಾವುದಕ್ಕೂ ನನ್ನ ಕಣ್ಣೀರು ಬಿಟ್ಟಿ ಇಲ್ಲ.”

ಮದುವೆಯ ಹಿಂದಿನ ದಿನವೂ ಆ ಜಗಳ ತೀರ್ಮಾನವಾಗಿರಲಿಲ್ಲ.

ಬಾಗಿಲು ತೆರೆಯಿತು. ಭಾವ ಕಾಗದದ ಲೋಟದಲ್ಲಿ ಚಹಾ ಹಿಡಿದು ಒಳಗೆ ಬಂದ. ಜೇಬಿನಿಂದ ರಿಮೋಟಿನ ತಲೆ ಇಣುಕುತ್ತಿತ್ತು.

“ಏನು ಹೀರೋ, ನಿದ್ದೆನಾ?”

“ಇಲ್ಲ ಭಾವ.”

“ನಿಮ್ಮಕ್ಕ ಫೋನ್ ಎತ್ತುತ್ತಿಲ್ಲ. ಆಸ್ಪತ್ರೇಲಿ ಕ್ಯೂ ಇರಬೇಕು.” ಭಾವ ಮೇಜಿನ ಅಂಚಿಗೆ ಕುಂಡೆ ಊರಿ ಆರಾಮಾಗಿ ಕೂತ. “ಹೊರಗೆ ಸೆಕೆ. ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ.”

ಅವನು ಎದ್ದು ಟಿವಿಗೆ ಅಡ್ಡವಾಗಿ ನಿಂತು ಮೈಮುರಿದ.

“ಪಕ್ಕಕ್ಕೆ ಸರಿಯೋ, ನೀನೇನು ಗಾಜಿನಲ್ಲಿ ಮಾಡಿದೋನಾ?”

ಸರಿದು ಕೂತ. ಸದ್ಯಕ್ಕೆ ಮೂರನೇ ಹಾಲು ಕಪ್ಪಗಿತ್ತು. ದೋಣಿಯ ದೃಶ್ಯ ನಡೆಯುತ್ತಿರಬೇಕು, ಇರುಳು, ಒಂದೇ ಲಾಂದ್ರ. ಜನರ ಮುಖಗಳ ಜಾಗದಲ್ಲಿ ಮಸಿಯ ಉಂಡೆಗಳಷ್ಟೇ ಕಾಣುತ್ತಿದ್ದವು. ಆ ಸಿನಿಮಾದ ಒಂದೊಂದು ಚೂರೂ ಅವನಿಗೆ ಬಾಯಿಪಾಠ. ದೋಣಿ ದಡ ಮುಟ್ಟುತ್ತದೆ. ಗಂಡಸು ಹಿಂದೆ ತಿರುಗದೆ ಹೋಗುತ್ತಾನೆ. ಆಮೇಲೆ ಸ್ಟೇಷನ್ನಿನ ಜಗಳ, ಅದೂ ಮಬ್ಬು ಬೆಳಕು. ಅದಾದ ಮೇಲೆ ಉಪ್ಪಿನ ಬಯಲು. ನಡುಮಧ್ಯಾಹ್ನ, ಕಣ್ಣು ಕುಕ್ಕುವ ಬಿಳುಪು, ಈ ತುದಿಯಿಂದ ಆ ತುದಿಗೆ ಉಪ್ಪು. ಪರದೆ ಪೂರ್ತಿ ಬೆಳ್ಳಗಾದರೆ ಹಾಲಿನಲ್ಲಿರುವ ಒಂದೊಂದು ಮುಖವೂ ಬಿಸಿಲಲ್ಲಿ ಒಣಹಾಕಿದ ಹಾಗೆ ಕಾಣುತ್ತದೆ. ಇದೇ ಕ್ಯಾಮೆರಾದಲ್ಲಿ. ಈ ಗೋಡೆಯ ಮೇಲೆ.

ಲಾಂದ್ರ ಆರಿತು. ಹಾಲಿನ ಬೂದು ಬಣ್ಣ ಕೊಂಚ ತಿಳಿಯಾಯಿತು. ಸ್ಟೇಷನ್ನು.

“ಮೂರರಲ್ಲಿ ಹಳೇ ಸಿನಿಮಾ ಅಲ್ವಾ? ಪರವಾಗಿಲ್ಲ, ಜನ ಇದ್ದಾರೆ,” ಅಂದ ಭಾವ ಚೌಕದ ಕಡೆ ಲೋಟ ಚಾಚಿ. “ಹೆಂಗಸರೇ ಜಾಸ್ತಿ. ಮನೇಲಿ ಹೇಳದೆ ಬಂದಿರ್ತಾರೆ, ನೋಡು ಬೇಕಾದರೆ.”

ಅವನು ಟಿವಿಯ ಪ್ಲಗ್ ಕಡೆ ನೋಡಿದ. ಪ್ಲಗ್ ಕಿತ್ತು ಬಿಸಾಡಲೇ? ಕಿತ್ತರೆ ಭಾವನೇ ಬಗ್ಗಿ ಹಾಕುತ್ತಾನೆ. ಚಹಾ ಚೆಲ್ಲಲೇ? ಒರೆಸಿಕೊಂಡು ಇಲ್ಲೇ ಕೂರುತ್ತಾನೆ. ಚೌಕದಿಂದ ಚೌಕಕ್ಕೆ ಕಣ್ಣು ಓಡಿತು. ಒಂದನೇ ಹಾಲಿನಲ್ಲಿ ನಿಂತಿತು. ಅದು ಕಟ್ಟಡದ ಆ ಕೊನೆಯಲ್ಲಿತ್ತು.

ಅಲ್ಲಿ ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕ ಕನ್ನಡಕದ ತಾತ ಕೂತಿದ್ದ. ನಿಜವಾದ ಹೆಸರು ಗೊತ್ತಿಲ್ಲ, ಇದು ಇವನೇ ಇಟ್ಟ ಹೆಸರು. ಪ್ರತಿ ವಾರ ಬರುತ್ತಾನೆ, ಒಬ್ಬನೇ, ಯಾವ ಸಿನಿಮಾ ಆದರೂ ಸರಿ. ಮನಸ್ಸಿಗೆ ಹಿಡಿಸುವ ದೃಶ್ಯ ಬಂತೆಂದರೆ ಕನ್ನಡಕದ ಡಬ್ಬಿಯನ್ನು ಎತ್ತಿ ಹಣೆಗೆ ಒತ್ತಿಕೊಂಡು ಹಾಗೇ ಹಿಡಿದಿರುತ್ತಾನೆ. ಯಾವ ಸಿನಿಮಾಗೆ ಎಷ್ಟು ಹೊತ್ತು ಹಿಡಿದ ಅನ್ನುವುದರ ಮೇಲೆಯೇ ಇವನು ಈ ಕುರುಡು ಕೋಣೆಯಲ್ಲಿ ಕೂತು ಸಿನಿಮಾಗಳಿಗೆ ನಂಬರ್ ಹಾಕುತ್ತಿದ್ದ. ಹೋದ ತಿಂಗಳ ಒಂದು ಸಿನಿಮಾಗೆ ತಾತ ಡಬ್ಬಿ ಇಳಿಸಿಯೇ ಇರಲಿಲ್ಲ. ನೋಡದೆಯೇ ಅದು ಇವನಿಗೆ ಇಷ್ಟವಾಗಿಬಿಟ್ಟಿತ್ತು.

ಈಗಲೂ ತಾತನ ಕೈ ಹಣೆಯ ಮೇಲಿತ್ತು.

“ಭಾವ, ಒಂದನೇ ಹಾಲು,” ಅಂದ. ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು. “ಹಿಂದಿನ ಸಾಲು, ಗೋಡೆ ಪಕ್ಕ. ಮೊಬೈಲ್ ಎತ್ತಿದಾನೆ.”

ಭಾವ ಕಣ್ಣು ಕಿರಿದು ಮಾಡಿದ. “ಹೌದಲ್ಲೋ! ಎಷ್ಟು ಹೊತ್ತಿಂದ?”

“ಆಗಿನಿಂದ ನೋಡ್ತಾ ಇದೀನಿ. ಇಳಿಸ್ತಾನೇ ಇಲ್ಲ. ನೀವೇ ಹೋಗಿ ಭಾವ, ಗೇಟಿನವರು ಹೋದರೆ ವಿಡಿಯೋ ಅಳಿಸಿಬಿಡ್ತಾನೆ.”

“ಮುದುಕನಿಗೆ ಬುದ್ಧಿ ಬೇಡ್ವಾ! ಇರು, ಮಾಡ್ತೀನಿ.” ಭಾವ ಲೋಟವನ್ನು ಮೇಜಿನ ಮೇಲಿಟ್ಟು ಹುರುಪಿನಿಂದ ಹೊರಗೆ ಹೋದ.

ಬಾಗಿಲು ಮುಚ್ಚಿಕೊಂಡದ್ದೇ ಮೂರನೇ ಹಾಲು ಬೆಳ್ಳಗಾಯಿತು.

ಅಕ್ಕ ಕಂಡಳು. ಇಡೀ ಅಕ್ಕ. ಕೆನ್ನೆ ಇಳಿದಿತ್ತು. ತುಟಿಗಳು ಮಾತಾಡುತ್ತಿದ್ದವು, ಬಯಲಿನಲ್ಲಿ ನಿಂತ ಹೆಂಗಸಿನ ಜೊತೆ, ಒಂದಕ್ಷರವೂ ಹಿಂದೆ ಬೀಳದೆ. ಅವನೂ ಹೇಳತೊಡಗಿದ. ಆ ಮಾತುಗಳು ಅವನಿಗೂ ಬರುತ್ತಿದ್ದವು. ಅಕ್ಕ ಅಳುತ್ತಿದ್ದಳು, ಒರೆಸಿಕೊಳ್ಳದೆ. ಬಾಯಿಗೆ ಕೈ ಅಡ್ಡ ಇಟ್ಟಿರಲಿಲ್ಲ.

ಒಂದನೇ ಹಾಲಿನ ಚೌಕದಲ್ಲಿ ಟಾರ್ಚಿನ ಬೆಳಕು ತಾತನ ಮುಖಕ್ಕೆ ಬಿತ್ತು. ಇವನು ಆ ಕಡೆ ನೋಡಲಿಲ್ಲ. ನೋಡಬಾರದು ಅಂದುಕೊಂಡ. ಆಮೇಲೆ ನೋಡಿದ. ಭಾವ ತಾತನ ರಟ್ಟೆ ಹಿಡಿದು ಸಾಲಿನುದ್ದಕ್ಕೂ ಎಳೆಯುತ್ತಿದ್ದ. ಜನ ಕಾಲು ಮಡಚಿ ದಾರಿ ಬಿಡುತ್ತಿದ್ದರು.

ಭಾವ ವಾಪಸು ಬರುವಷ್ಟರಲ್ಲಿ ಆಟ ಮುಗಿದು, ಅಕ್ಕ ಚೀಲವನ್ನು ಎದೆಗೆ ಅವುಚಿಕೊಂಡು ಹೊರಬಾಗಿಲಿನ ಚೌಕವನ್ನು ದಾಟಿ ಹೋಗಿದ್ದಳು. ತಲೆ ಎತ್ತಿ ಕ್ಯಾಮೆರಾ ನೋಡಲಿಲ್ಲ.

“ಮೊಬೈಲೂ ಅಲ್ಲ, ಮಣ್ಣೂ ಅಲ್ಲ. ಕನ್ನಡಕದ ಡಬ್ಬಿ ಕಣೋ. ಹೇಗೋ ಕಂಡಿತು ನಿನಗೆ ಮೊಬೈಲ್ ಅಂತ?”

“ಕತ್ತಲಿತ್ತು ಭಾವ.”

“ಹೋಗಲಿ. ಆದರೂ ಎಷ್ಟು ಬಾಯಿ ಮಾಡಿದ ಗೊತ್ತಾ, ಎಲ್ಲರೆದುರು? ಇನ್ಮೇಲೆ ಅವನನ್ನ ಒಳಗೆ ಬಿಡಬೇಡಿ ಅಂತ ಗೇಟಿನವರಿಗೆ ಹೇಳಿದೀನಿ.” ಭಾವ ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. “ಮುಖ ನೆನಪಿದೆಯಲ್ಲ ನಿನಗೆ? ಮತ್ತೆ ಬಂದರೆ ಹೇಳು.”

“ಹ್ಞೂಂ.”

ಭಾವ ಹೋದ. ಮೂರನೇ ಹಾಲಿನಲ್ಲಿ ಕಸ ಗುಡಿಸುವವರು ದೀಪ ಹಾಕಿದ್ದರು. ಮೆಟ್ಟಿಲಿನ ಚೌಕದಲ್ಲಿ ತಾತ ಇನ್ನೂ ಕೂತಿದ್ದ, ಒಂದನೇ ಹಾಲಿನ ಮುಚ್ಚಿದ ಬಾಗಿಲಿನ ಎದುರಿಗೆ. ಡಬ್ಬಿಯನ್ನು ಮಡಿಲಲ್ಲಿಟ್ಟು ಕನ್ನಡಕ ಕಳಚಿದ. ಅಂಗಿಯ ತುದಿಯಿಂದ ಒರೆಸಿದ. ಹಾಕಿಕೊಂಡು ಬಾಗಿಲನ್ನೇ ನೋಡುತ್ತ ಕೂತ.